ಬೇರೆ ತಟ್ಟೆ

ಗಂಟೆ ಬಾರಿಸುವ ಮೊದಲೇ ತಟ್ಟೆಗಳ ಸದ್ದು ಕೇಳತೊಡಗುತ್ತದೆ. ಮಕ್ಕಳು ತರಗತಿಯೊಳಗೇ ಚೀಲದಿಂದ ತಟ್ಟೆ ತೆಗೆದು ಮೊಣಕಾಲಿಗೆ ಬಡಿಯುತ್ತಾರೆ, ಬೆಂಚಿನ ಅಂಚಿಗೆ ತಾಗಿಸುತ್ತಾರೆ, ಒಬ್ಬರದಕ್ಕೆ ಇನ್ನೊಬ್ಬರದನ್ನು ಕುಟ್ಟಿ ನಗುತ್ತಾರೆ. ನೂರು ಚಿಲ್ಲರೆ ಸ್ಟೀಲು ತಟ್ಟೆಗಳ ಆ ಗದ್ದಲ ಅಂಜನಾಪುರದ ಕಾಲುವೆ ಪಕ್ಕದ ಶಾಲೆಯ ಅಡುಗೆಕೋಣೆಗೆ ಬಂದು ಮುಟ್ಟುವ ಹೊತ್ತಿಗೆ ವಾಣಿಶ್ರೀ ಸಾರಿಗೆ ಒಗ್ಗರಣೆ ಕೊಟ್ಟು ಮುಗಿಸಿರಬೇಕು. ಹದಿನಾಲ್ಕು ವರ್ಷದಲ್ಲಿ ಅವಳು ಅದನ್ನು ತಪ್ಪಿಸಿದ ದಿನಗಳು ಕಡಿಮೆ.

ಮಕ್ಕಳಿಗೆ ಬಡಿಸುವ ಮುಂಚೆ ಅಡುಗೆಯವರೊಬ್ಬರು, ಮೇಷ್ಟ್ರೊಬ್ಬರು ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕೆಂಬುದು ಬಿಸಿಯೂಟದ ನಿಯಮ. ವಾಣಿಶ್ರೀ ಅರ್ಧ ಸೌಟು ಸಾರನ್ನು ಲೋಟಕ್ಕೆ ಹುಯ್ದುಕೊಂಡು ನಿಂತೇ ಕುಡಿದಳು. ಅವಳು ಕೂರುವಂತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಶಿಕಾರಿಪುರದ ಒಂದು ಸಣ್ಣ ಕ್ರೈಸ್ತ ಸಭೆಗೆ ಸೇರಿದಾಗ ಈ ರುಚಿ ನೋಡುವ ಪ್ರಶ್ನೆ ಎದ್ದಿತ್ತು. ಹೊರಗಿನವರೊಂದಿಗೆ ಒಂದೇ ಪಾತ್ರೆಯ ಅನ್ನ ಉಣ್ಣಬಾರದು ಎನ್ನುವುದು ಸಭೆಯ ಕಟ್ಟಳೆ. ಸಭೆಯ ಹಿರಿಯರಾದ ಕಮಲಾಕರ ಅವರು ಎರಡು ದಿನ ಪ್ರಾರ್ಥಿಸಿ, "ಕೂತು ತಿಂದರೆ ಊಟ, ನಿಂತು ತಿಂದರೆ ಕೆಲಸ. ನೀನು ನಿಂತು ತಿನ್ನು" ಎಂದು ಅಪ್ಪಣೆ ಕೊಟ್ಟಿದ್ದರು. ಅಂದಿನಿಂದ ನಿಂತೇ. ಮಧ್ಯಾಹ್ನದ ಊಟಕ್ಕೆ ಮನೆಯಿಂದ ಡಬ್ಬಿ ತರುತ್ತಿದ್ದಳು. ಅದನ್ನು ದಾಸ್ತಾನು ಕೋಣೆಯಲ್ಲಿ ಒಬ್ಬಳೇ ತಿನ್ನುತ್ತಿದ್ದಳು.

"ಏನ್ ವಾಣಕ್ಕ, ಇವತ್ತೂ ಅಕ್ಕಿ ಮೂಟಿ ಜೊತಿಗೇ ಪಂಕ್ತಿನಾ?" ಎಂದು ಜೊತೆ ಅಡುಗೆಯವಳಾದ ವೀರಮ್ಮ ಕೇಳಿದಳು. ದಿನಾ ಕೇಳುವ ಮಾತು ಅದು. "ಮೂಟಿ ಆದ್ರೆ ಒಳ್ಳೇದು ಬಿಡು. ಉಪ್ಪು ಕಮ್ಮಿ ಅನ್ನಂಗಿಲ್ಲ, ಇನ್ನೊಂದಿಷ್ಟು ಹಾಕು ಅನ್ನಂಗಿಲ್ಲ."

ಬೇರೆ ದಿನವಾಗಿದ್ದರೆ ವಾಣಿಶ್ರೀ ನಗುತ್ತಿದ್ದಳು. ಅವತ್ತು ಅವಳಿಗೆ ನಗೆ ಬರಲಿಲ್ಲ. ಡಬ್ಬಿಯ ಮುಚ್ಚಳ ತೆಗೆದವಳು ಹಾಗೇ ಮುಚ್ಚಿಟ್ಟಳು. ಮನೆಯಲ್ಲಿ ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಒಂದು ತಟ್ಟೆ, ಒಂದು ಲೋಟ ಬೇರೆಯಾಗಿ ಮಗುಚಿ ಇಟ್ಟಿದ್ದವು. ಅವು ಮಗಳು ಸ್ಪಂದನಳವು. ಇಪ್ಪತ್ತು ದಿನದಿಂದ ಅವುಗಳನ್ನು ಯಾರೂ ಮುಟ್ಟಿರಲಿಲ್ಲ.

ಸಭೆಗೆ ಸೇರಿದ್ದು ವಾಣಿಶ್ರೀಯ ಗಂಡ ವೀರೇಶನಿಂದ. ಅವನು ಗಾರೆ ಕೆಲಸದವನು. ಕರಣೆ ಹಿಡಿದರೆ ಗೋಡೆ ಕನ್ನಡಿಯಾಗುತ್ತಿತ್ತು, ಬಾಟಲಿ ಹಿಡಿದರೆ ಮನೆ ಮಸಣವಾಗುತ್ತಿತ್ತು. ಸಭೆಯ ಮಂದಿರದ ಕಾಂಪೌಂಡು ಕಟ್ಟಲು ಹೋದವನು ಎರಡನೇ ದಿನವೇ ಕುಡಿದು ಮರಳಿನ ರಾಶಿಯ ಮೇಲೆ ಬಿದ್ದಿದ್ದ. ಬೇರೆ ಯಾರಾದರೂ ಆಗಿದ್ದರೆ ಒದ್ದು ಓಡಿಸುತ್ತಿದ್ದರು. ಕಮಲಾಕರ ಅವರು ಅವನನ್ನು ಒಳಗೆ ಕರೆದೊಯ್ದು ಚಾಪೆಯ ಮೇಲೆ ಮಲಗಿಸಿದರು. ನಡುಗುವ ಅವನ ಕೈಗಳನ್ನು ಹಿಡಿದುಕೊಂಡು ಮೂರು ದಿನ ಕೂತರು, ಗಂಜಿ ಕುಡಿಸಿದರು, ವಾಂತಿ ಬಳಿದರು. ಸೊರಬದ ಕಡೆಯ ದೊಡ್ಡ ಅಡಿಕೆ ತೋಟದ ಮನೆತನದಲ್ಲಿ ಹುಟ್ಟಿದ, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮನುಷ್ಯ, ಒಬ್ಬ ಗಾರೆಯವನ ವಾಂತಿ ಬಳಿದದ್ದನ್ನು ವಾಣಿಶ್ರೀ ಬಾಗಿಲಲ್ಲಿ ನಿಂತು ನೋಡಿದ್ದಳು. ವೀರೇಶ ಆಮೇಲೆ ಸಾಯುವವರೆಗೆ ಒಂದು ಹನಿ ಮುಟ್ಟಲಿಲ್ಲ. ಆ ಋಣ ಅವಳ ಎದೆಯಲ್ಲಿ ಕಲ್ಲಿನಂತೆ ಕೂತಿತ್ತು. ಮುಂದೆ ಏನೇ ಆದರೂ ಅವಳು ಆ ಮೂರು ದಿನಗಳನ್ನು ನೆನೆಯುತ್ತಿದ್ದಳು.

ಸಭೆಯಲ್ಲಿ ಮೂವತ್ತು ಮನೆಗಳಿದ್ದವು. ಹೆಂಗಸರು ತಲೆಗೆ ಬಿಳಿ ವಸ್ತ್ರ ಕಟ್ಟುತ್ತಾರಾದ್ದರಿಂದ ಊರಿನವರು ಅವರನ್ನು ಬಿಳಿ ವಸ್ತ್ರದವರು ಎನ್ನುತ್ತಿದ್ದರು. ಹೂವಿಲ್ಲ, ಬಳೆಯಿಲ್ಲ, ಟೀವಿಯಿಲ್ಲ. ಶಿವಮೊಗ್ಗದ ದೊಡ್ಡ ಚರ್ಚುಗಳಿಗೆ ಹೋಗುವವರೂ ಇವರ ಲೆಕ್ಕದಲ್ಲಿ ಹೊರಗಿನವರೇ. ಅದೇ ಬೈಬಲ್ಲು, ಅದೇ ಯೇಸು, ಆದರೂ ಅವರ ಮನೆಯ ಕಾಫಿ ಕುಡಿಯುವಂತಿಲ್ಲ. "ನಾವು ಬಹಳ ಕಡಿಮೆ ಜನ" ಎಂದು ಕಮಲಾಕರ ಅವರು ಹೆಮ್ಮೆಯಿಂದ ಹೇಳುತ್ತಿದ್ದರು. "ಇಕ್ಕಟ್ಟಾದ ಬಾಗಿಲಲ್ಲಿ ಎಷ್ಟು ಜನ ಹೋಗಲಿಕ್ಕಾಗುತ್ತದೆ?"

ದೀಕ್ಷಾಸ್ನಾನದ ದಿನ ಅವರು ವಾಣಿಶ್ರೀಗೆ ರೂತ್ ಎಂದು ಹೆಸರಿಟ್ಟರು. ತನ್ನ ಜನರನ್ನು ಬಿಟ್ಟು ದೇವರ ಜನರ ಹಿಂದೆ ಬಂದವಳು ರೂತ್ ಎಂದು ಅರ್ಥ ಬಿಡಿಸಿ ಹೇಳಿದರು. ಆಮೇಲೆ ಒಂದು ಮಧ್ಯಾಹ್ನ ವಾಣಿಶ್ರೀ ಆ ನಾಲ್ಕು ಅಧ್ಯಾಯಗಳನ್ನು ಬೆರಳಿಟ್ಟು ಓದಿದ್ದಳು. ರೂತ್ ಬಿಟ್ಟು ಬಂದಿದ್ದೇನೋ ನಿಜ. ಆದರೆ ಗಂಡ ಸತ್ತ ಮೇಲೂ ಮುದಿ ಅತ್ತೆಯ ಕೈ ಬಿಡದೆ ಹಿಂದೆ ಹೋದವಳು ಅವಳು. ಕಥೆ ಬಿಟ್ಟುಹೋಗುವುದರದ್ದೋ, ಕೈ ಹಿಡಿಯುವುದರದ್ದೋ ಎಂದು ಅವಳಿಗೆ ಅನುಮಾನ ಬಂದಿತ್ತು. ಕೇಳುವ ಧೈರ್ಯ ಬಂದಿರಲಿಲ್ಲ.

ನಾಲ್ಕು ವರ್ಷದ ಹಿಂದೆ ಅವಳ ತಾಯಿ ಸೊರಬದಲ್ಲಿ, ಅಕ್ಕ ಮೀನಾಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ವಾಣಿಶ್ರೀ ವಾರವಾರವೂ ಹೋಗಿ ಮೈ ಒರೆಸಿ, ತಲೆ ಬಾಚಿ, ಕಲೆಸಿದ ಅನ್ನವನ್ನು ತುತ್ತು ಮಾಡಿ ಬಾಯಿಗಿಡುತ್ತಿದ್ದಳು. ತಾಯಿ ಒಂದು ದಿನ ತುತ್ತನ್ನು ಅವಳ ಕಡೆಗೇ ತಳ್ಳಿ, "ಇದೊಂದು ನೀನು ತಿನ್ನೇ ವಾಣಿ, ನನ್ನ ಕಣ್ಣೆದುರಿಗೆ" ಅಂದಳು. ವಾಣಿಶ್ರೀ ತಿನ್ನಲಿಲ್ಲ. "ಹಸಿವಿಲ್ಲವ್ವಾ" ಅಂದಳು. ಬೆಳಗಿನ ಬಸ್ಸಿಗೆ ಏನೂ ತಿನ್ನದೆ ಹೊರಟವಳು. ತಾಯಿಗೆ ಅದು ಗೊತ್ತಿತ್ತು. ಮೀನಾಳಿಗೂ ಗೊತ್ತಿತ್ತು. ಒಂಬತ್ತು ದಿನಕ್ಕೆ ತಾಯಿ ಹೋದಳು. ಈ ಹಟದಿಂದ ತನಗೆ ಸ್ವರ್ಗದಲ್ಲಿ ಏನು ಸಿಗುತ್ತದೋ ಅದರಲ್ಲಿ ಅರ್ಧ ಅವ್ವನಿಗೆ ಕೊಡಪ್ಪಾ ಎಂದು ವಾಣಿಶ್ರೀ ಬಸ್ಸಿನಲ್ಲಿ ಕೂತು ಬೇಡಿಕೊಂಡಿದ್ದಳು.

ಎರಡು ವರ್ಷದ ಹಿಂದೆ ವೀರೇಶ ಎದೆನೋವಿನಿಂದ ತೀರಿಕೊಂಡ. ಮಂದಿರದ ಹಿಂದಿನ ಜಾಗದಲ್ಲಿ ಅವನನ್ನು ಮಣ್ಣು ಮಾಡಿದರು. ಸೊರಬದಿಂದ ಬಂದ ಮೀನಾಳಿಗೆ ಕಾಂಪೌಂಡಿನ ಆಚೆ ಕುರ್ಚಿ ಹಾಕಿ, ಕಾಗದದ ಲೋಟದಲ್ಲಿ ನೀರು ಕೊಟ್ಟರು. ಮೀನಾ ನೀರನ್ನು ಬೇಲಿಯ ದಾಸವಾಳದ ಬುಡಕ್ಕೆ ಹುಯ್ದು, ಲೋಟವನ್ನು ಮಡಿಸಿ ಚೀಲದಲ್ಲಿ ಹಾಕಿಕೊಂಡು ಹೊರಟುಹೋದಳು. ಕಮಲಾಕರ ಅವರು ವೀರೇಶನ ಪಕ್ಕದ ಖಾಲಿ ಜಾಗ ತೋರಿಸಿ, "ಇದು ನಿನ್ನದು ರೂತ್. ಪುನರುತ್ಥಾನದ ದಿನ ಇಬ್ಬರೂ ಒಟ್ಟಿಗೆ ಏಳುತ್ತೀರಿ" ಅಂದರು. ಆ ಆರಡಿ ಮೂರಡಿಯ ಜಾಗ ಅವಳಿಗೆ ಮನೆಗಿಂತ ಹೆಚ್ಚಾಗಿತ್ತು.

ಇನ್ನು ಸ್ಪಂದನಳ ವಿಷಯ.

ಪ್ರತಿ ಶನಿವಾರ ಸಂಜೆ ಸಭೆಯಲ್ಲಿ ಶೋಧನೆ ನಡೆಯುತ್ತದೆ. ಮರುದಿನ ರೊಟ್ಟಿ ಮುರಿದು ಹಂಚಿಕೊಳ್ಳುವ ಮುಂಚೆ ಎಲ್ಲರೂ ತಮ್ಮ ತಮ್ಮ ಮನೆಯಲ್ಲಿ ಕಂಡ ತಪ್ಪನ್ನು ಎದ್ದು ನಿಂತು ಹೇಳಬೇಕು. ಹೆಂಡತಿ ಗಂಡನದನ್ನು, ಅಪ್ಪ ಮಗನದನ್ನು. ಕಂಡೂ ಹೇಳದಿದ್ದರೆ ಆ ಪಾಪದಲ್ಲಿ ಪಾಲು. ಹೆಚ್ಚಾಗಿ ಸಣ್ಣಪುಟ್ಟ ಸಂಗತಿಗಳೇ ಬರುತ್ತಿದ್ದವು: ಮಗ ಫೋನಿನಲ್ಲಿ ಕ್ರಿಕೆಟ್ಟು ನೋಡಿದ, ಸೊಸೆ ಎದುರು ಮಾತಾಡಿದಳು. ಎಲ್ಲರೂ ಕೂಡಿ ಪ್ರಾರ್ಥಿಸಿ ಮುಗಿಸುತ್ತಿದ್ದರು.

ಶಿಕಾರಿಪುರದ ಕಾಲೇಜಿನಲ್ಲಿ ಕೊನೆಯ ವರ್ಷದ ಡಿಗ್ರಿ ಓದುತ್ತಿದ್ದ ಸ್ಪಂದನ, ದೊಡ್ಡಮ್ಮ ಮೀನಾಳ ಸೊಸೆಯ ಸೀಮಂತಕ್ಕೆ ಹೇಳದೆ ಹೋಗಿ ಬಂದಿದ್ದಳು. ಬಂದವಳು ಮುಚ್ಚಿಡಲೂ ಇಲ್ಲ.

"ಎರಡು ಹೋಳಿಗೆ ತಿಂದೆ ಅಮ್ಮ. ಹಸಿರು ಬಳೆ ಹಾಕಿದ್ರು, ಹಾಕಿಸ್ಕೊಂಡೆ. ಬಸ್ಸಲ್ಲಿ ತೆಗೆದು ಚೀಲಕ್ಕೆ ಇಟ್ಟೆ. ಒಡಿಯೋಕೆ ಮನಸ್ಸು ಬರ್ಲಿಲ್ಲ."

"ಯಾಕ್ ತಿಂದೆ?"

"ದೊಡ್ಡಮ್ಮ ಬಾಯಿಗೇ ಇಟ್ರು. ಉಗುಳ್ಬೇಕಿತ್ತಾ?"

ಆ ಶನಿವಾರ ವಾಣಿಶ್ರೀ ಎದ್ದು ನಿಂತು ಅದನ್ನು ಹೇಳಿದಳು. ಇದೇ ಅವಳು ಮಾಡಿದ ತಪ್ಪು. ದ್ವೇಷದಿಂದ ಹೇಳಲಿಲ್ಲ, ಭಯದಿಂದಲೂ ಅಲ್ಲ. ಮಗಳ ಹೆಸರು ಎಲ್ಲರ ಪ್ರಾರ್ಥನೆಯಲ್ಲಿ ಒಮ್ಮೆ ಹಾದುಹೋದರೆ ಅವಳಿಗೆ ಒಳ್ಳೆಯದಾಗುತ್ತದೆ ಎಂದು ನಂಬಿ ಹೇಳಿದಳು. ವೀರೇಶನ ನಡುಗುವ ಕೈ ಹಿಡಿದವರು ಈ ಹುಡುಗಿಯ ಕೈಯನ್ನೂ ಹಿಡಿಯುತ್ತಾರೆ ಎಂದುಕೊಂಡಳು.

ಕಮಲಾಕರ ಅವರು ಸ್ಪಂದನಳನ್ನು ಎದ್ದು ನಿಲ್ಲಿಸಿ, "ಪಶ್ಚಾತ್ತಾಪ ಇದೆಯಾ?" ಎಂದು ಕೇಳಿದರು.

"ಅಮ್ಮನಿಗೆ ಹೇಳದೆ ಹೋಗಿದ್ದಕ್ಕೆ ಇದೆ. ತಿಂದಿದ್ದಕ್ಕೆ ಇಲ್ಲ" ಅಂದಳು ಸ್ಪಂದನ. ಸುಳ್ಳು ಹೇಳಬಾರದೆಂದು ಅವಳಿಗೆ ಕಲಿಸಿದ್ದೂ ಅದೇ ಸಭೆ.

ಒಂದು ವರ್ಷ ಬೇರ್ಪಡಿಸುವುದೆಂದು ತೀರ್ಮಾನವಾಯಿತು. ಅಂದರೆ ಮಂದಿರದಲ್ಲಿ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂರಬೇಕು, ರೊಟ್ಟಿ ಅವಳನ್ನು ದಾಟಿ ಹೋಗಬೇಕು, ಮನೆಯಲ್ಲಿ ಅವಳ ತಟ್ಟೆ ಲೋಟ ಬೇರೆಯಿರಬೇಕು, ಯಾರೂ ಅವಳೊಂದಿಗೆ ಕೂತು ಉಣ್ಣಬಾರದು. ಒಪ್ಪಿದವರೆಲ್ಲ ಎದ್ದು ನಿಲ್ಲಬೇಕು. ಒಬ್ಬೊಬ್ಬರಾಗಿ ಎಲ್ಲರೂ ಎದ್ದರು. ಕಮಲಾಕರ ಅವರ ಹೆಂಡತಿ ರಾಜೀವಿ ಎದ್ದರು, ಮಗ ವೈಭವ್ ಎದ್ದ. ಹೋದ ವರ್ಷ ಇದೇ ವೈಭವ್ ಕಾರವಾರದಲ್ಲಿ ಗೆಳೆಯರ ಜೊತೆ ಕುಡಿದು ಕುಣಿದ ವಿಡಿಯೋ ಊರಿನ ಫೋನುಗಳಲ್ಲೆಲ್ಲ ಓಡಾಡಿತ್ತು. ಆಗ ಶೋಧನೆಯಲ್ಲಿ ಯಾರೂ ಏಳಲಿಲ್ಲ. "ಅದು ಅವನಿಗೂ ಕರ್ತನಿಗೂ ಬಿಟ್ಟ ವಿಚಾರ" ಎಂದು ಒಂದು ಸಾಲಿನಲ್ಲಿ ಮುಗಿದಿತ್ತು. ಈಗ ಅದು ವಾಣಿಶ್ರೀಯ ತಲೆಯಲ್ಲಿ ಮಿಂಚಿ ಮಾಯವಾಯಿತು. ಎಲ್ಲರ ಕಣ್ಣೂ ಅವಳ ಮೇಲಿತ್ತು. ಅವಳೂ ಎದ್ದು ನಿಂತಳು.

ಸ್ಪಂದನ ಅಮ್ಮನನ್ನು ಒಮ್ಮೆ ನೋಡಿದಳು. ಆಮೇಲೆ ನಡೆದುಹೋಗಿ ಹಿಂದಿನ ಬೆಂಚಿನಲ್ಲಿ ಕೂತಳು.

ಎರಡು ತಿಂಗಳು ಹಾಗೇ ನಡೆಯಿತು. ವಾಣಿಶ್ರೀ ಅಡುಗೆಮನೆಯಲ್ಲಿ ಉಣ್ಣುತ್ತಿದ್ದಳು, ಸ್ಪಂದನ ಹಿತ್ತಿಲ ಕಟ್ಟೆಯ ಮೇಲೆ. ನಡುವೆ ಬಾಗಿಲು ತೆರೆದೇ ಇರುತ್ತಿತ್ತು. ಬಾಗಿಲು ಮುಚ್ಚಬೇಕೆಂದು ಯಾರೂ ಹೇಳಿರಲಿಲ್ಲವಲ್ಲ. ಮೊದಮೊದಲು ಹುಡುಗಿ ತಮಾಷೆ ಮಾಡುತ್ತಿದ್ದಳು.

"ಅಮ್ಮಾ, ಉಪ್ಪಿನಕಾಯಿ ಎಸಿ. ಎಸೆದ್ರೆ ಪಾಪ ಇಲ್ಲ, ಕೊಟ್ರೆ ತಾನೆ ಪಾಪ?"

"ಬಾಯಿ ಮುಚ್ಕೊಂಡು ಉಣ್ಣು."

"ಬಾಯಿ ಮುಚ್ಕೊಂಡು ಹೆಂಗೆ ಉಣ್ಣೋದು? ಅದಕ್ಕೂ ನಿಮ್ಮ ಸಭೇಲಿ ವಚನ ಐತಾ?"

ವಾಣಿಶ್ರೀ ಸೆರಗು ಬಾಯಿಗಿಟ್ಟುಕೊಂಡು ನಗು ತಡೆಯುತ್ತಿದ್ದಳು. ಬರಬರುತ್ತಾ ತಮಾಷೆ ನಿಂತುಹೋಯಿತು. ಹುಡುಗಿ ಬೇಗ ಬೇಗ ತಿಂದು, ತಟ್ಟೆಯನ್ನು ತಾನೇ ತೊಳೆದು ಕಿಟಕಿಕಟ್ಟೆಯ ಮೇಲೆ ಮಗುಚುತ್ತಿದ್ದಳು. ಒಂದು ಸಲ ಜ್ವರ ಬಂದು ಮಲಗಿದ್ದಾಗ ವಾಣಿಶ್ರೀ ಗಂಜಿ ಕಾಯಿಸಿ ಅದೇ ಬೇರೆ ಲೋಟದಲ್ಲಿ ಒಯ್ದು ಕೊಟ್ಟಳು. ಸ್ಪಂದನ ಲೋಟ ಹಿಡಿದುಕೊಂಡು ಸುಮ್ಮನೆ ಬಿಕ್ಕಿದಳು.

"ನೀನೂ ಒಂದು ಗುಟುಕು ಕುಡಿ ಅಮ್ಮ. ಯಾರೂ ನೋಡ್ತಿಲ್ಲ."

"ನೋಡೋನು ನೋಡ್ತಾನೆ."

"ಅವನು ಇಷ್ಟು ಸಣ್ಣೋನಾ ಅಮ್ಮ?"

ಜ್ವರ ಇಳಿದ ಮೇಲೆ ಸ್ಪಂದನ ಪುಸ್ತಕ ಬಟ್ಟೆಗಳನ್ನು ಚೀಲಕ್ಕೆ ತುಂಬಿ ಸೊರಬಕ್ಕೆ ಹೋದಳು. ಶಿರಾಳಕೊಪ್ಪದ ಮೇಲೆ ದಿನಾ ಬಸ್ಸಿನಲ್ಲಿ ಬಂದು ಕಾಲೇಜು ಮುಗಿಸುವುದಾಗಿ ಹೇಳಿದಳು. "ಸಿಟ್ಟಿಲ್ಲಮ್ಮ. ನೀನು ನನ್ನ ಜೊತೆ ಕೂತು ಒಂದು ಹೊತ್ತು ಉಂಡ್ರೆ ಅವತ್ತೇ ವಾಪಸ್ ಬರ್ತೀನಿ. ಅಲ್ಲೀವರೆಗೂ ಬರಲ್ಲ" ಅಂದಳು. ಹಾಗೆ ಉಂಡದ್ದು ಸಭೆಗೆ ತಿಳಿದರೆ ವಾಣಿಶ್ರೀಗೂ ಹಿಂದಿನ ಬೆಂಚು. ಬೇರ್ಪಟ್ಟು ಸತ್ತವರಿಗೆ ಮಂದಿರದ ಹಿಂದೆ ಜಾಗವಿಲ್ಲ. ಇಬ್ಬರಿಗೂ ಇದು ಗೊತ್ತಿತ್ತು.

ಹೀಗೆ ಇಪ್ಪತ್ತು ದಿನ ಕಳೆದಿದ್ದವು. ಅವತ್ತು ಶಾಲೆ ಮುಗಿಸಿ ಹಂಡೆ ಮಗುಚುವಾಗ ಮೀನಾಳ ಫೋನು ಬಂತು. ಮೀನಾ ಸೊರಬದಲ್ಲಿ ಅಡುಗೆ ಕಂಟ್ರಾಕ್ಟಿನವರ ಜೊತೆ ಮದುವೆ ಮುಂಜಿಗಳಿಗೆ ಬಡಿಸಲು ಹೋಗುತ್ತಾಳೆ.

"ವಾಣಿ, ಕೂತಿದೀಯಾ ನಿಂತಿದೀಯಾ?"

"ನಿಂತೀನಿ. ಯಾಕಕ್ಕ?"

"ಕೂತ್ಕೋ ಮಾರಾಯ್ತಿ. ನಿನ್ನೆ ಇಲ್ಲೇ ಹತ್ರ ಒಂದು ತೋಟದ ಮನೇಲಿ ಗೃಹಪ್ರವೇಶ ಇತ್ತು. ಬಡ್ಸೋಕೆ ಜನ ಕಮ್ಮಿ ಅಂತ ಸ್ಪಂದನನ್ನೂ ಕರ್ಕೊಂಡು ಹೋಗಿದ್ದೆ. ಯಾರ್ ಮನೆ ಗೊತ್ತಾ? ನಿಮ್ಮ ದೊಡ್ಡೋರ ಅಣ್ಣನ ಮನೆ. ಹೋಮ ಏನು, ಸತ್ಯನಾರಾಯಣ ಏನು. ಎರಡನೇ ಪಂಕ್ತಿಲಿ ನಿಮ್ಮೋರು ಬಂದು ಕೂತ್ರು ನೋಡು. ಗಂಡ, ಹೆಂಡ್ತಿ, ಮಗ."

"ನೀನು ಬೇರೆ ಯಾರನ್ನೋ ನೋಡಿರ್ಬೇಕು."

"ನಂಗೆ ಕಾಗದದ ಲೋಟದಲ್ಲಿ ನೀರು ಕೊಡ್ಸಿದ ಮುಖ ಅದು. ಮರೀತೀನಾ ನಾನು? ಬಾಳೆಲೆ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಪಾಯಸ ಎರಡು ಸಲ ಹಾಕಿಸ್ಕೊಂಡ್ರು. ಹಾಕಿದ್ದು ಯಾರು ಕೇಳು." ಮೀನಾಳ ದನಿ ತಗ್ಗಿತು. "ಇವಳೇ. ನಿನ್ನ ಮಗಳೇ. ತಗೋ, ಅವಳ ಹತ್ರಾನೇ ಮಾತಾಡು."

ಸ್ಪಂದನಳ ದನಿಯಲ್ಲಿ ಗೆದ್ದ ಉತ್ಸಾಹವೇನೂ ಇರಲಿಲ್ಲ. "ನಾನು ದೊಡ್ಡಮ್ಮಂಗೆ ಹೇಳ್ಬೇಡ ಅಂದಿದ್ದೆ ಅಮ್ಮ."

"ನಿಜವಾ?"

"ಹ್ಞೂಂ. ನನ್ನ ಗುರುತು ಸಿಗ್ಲಿಲ್ಲ ಅವ್ರಿಗೆ. ಬಡಿಸೋರ ಮುಖ ಯಾರು ನೋಡ್ತಾರೆ? 'ಸಾಕಮ್ಮ ಸಾಕು' ಅಂದ್ರು. ಆಮೇಲೆ ಅವ್ರೇ, 'ಆಗ್ಲಿ, ಇನ್ನೊಂದು ಸೌಟು' ಅಂದ್ರು. ಎಲೆ ಆಚೆ ಸ್ವಲ್ಪ ಚೆಲ್ತು. ಬೆರಳಲ್ಲಿ ಬಳ್ಕೊಂಡು ತಿಂದ್ರು ಅಮ್ಮ. ಅಷ್ಟು ಇಷ್ಟಪಟ್ಟು."

ಶನಿವಾರದ ಶೋಧನೆಗೆ ವಾಣಿಶ್ರೀ ಎಲ್ಲರಿಗಿಂತ ಮೊದಲೇ ಹೋಗಿ ಕೂತಳು. ಕಮಲಾಕರ ಅವರು ತಾವೇ ಎದ್ದು ಹೇಳುತ್ತಾರೆ ಎಂದು ಅವಳ ಮನಸ್ಸು ಆಸೆಪಟ್ಟಿತ್ತು. ಹೇಳಲಿ, ಹೇಳಿದರೆ ಸಾಕು. ತಾನೇ ಮೊದಲು ಕ್ಷಮಿಸಿ ಕೈ ಎತ್ತುತ್ತೇನೆ. ಆಗ ಸ್ಪಂದನಳದ್ದೂ ಸುಲಭವಾಗುತ್ತದೆ. ರಾಜೀವಿ ಎದ್ದರು. ರಾಜೀವಿ, ತಮಗೆ ಈ ವಾರ ಪ್ರಾರ್ಥನೆಯಲ್ಲಿ ಆಲಸ್ಯ ಬಂದಿತ್ತು ಎಂದು ಹೇಳಿ ಕೂತರು. ವೈಭವ್ ಏಳಲಿಲ್ಲ. ಕಮಲಾಕರ ಅವರು ಕಣ್ಣು ಮುಚ್ಚಿ, ಈ ಸಣ್ಣ ಮಂದೆಯನ್ನು ಲೋಕದ ಎಂಜಲಿನಿಂದ ಕಾಪಾಡು ತಂದೆ ಎಂದು ಬಹಳ ಹೊತ್ತು ಬೇಡಿದರು. ಕಣ್ಣಲ್ಲಿ ನೀರಿತ್ತು. ಆ ಕಣ್ಣೀರು ಸುಳ್ಳಾಗಿರಲಿಲ್ಲ. ವಾಣಿಶ್ರೀಯನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿದ್ದು ಅದೇ.

ಕಂಡೂ ಹೇಳದಿದ್ದರೆ ಪಾಪದಲ್ಲಿ ಪಾಲು. ಅವಳಾದರೂ ಎದ್ದು ಹೇಳಬಹುದಿತ್ತು. ಆದರೆ ಶೋಧನೆ ಅವರವರ ಮನೆಯದು. ಹಿರಿಯರ ಮನೆಯದನ್ನು ಹೊರಗಿನಿಂದ ಹೇಳುವ ಕ್ರಮವೇ ಇರಲಿಲ್ಲ. ಈ ಹನ್ನೊಂದು ವರ್ಷದಲ್ಲಿ ಆ ಕೊರತೆ ಅವಳ ಕಣ್ಣಿಗೆ ಬಿದ್ದಿರಲೂ ಇಲ್ಲ.

ಭಾನುವಾರ ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಕೈದಾಟಿ ಬಂತು. ವಾಣಿಶ್ರೀ ಅದನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಗಳಿಗೆ ನೋಡಿದಳು. ಮುರಿದುಕೊಳ್ಳದೆ ಪಕ್ಕದವಳಿಗೆ ದಾಟಿಸಿದಳು. ಪಕ್ಕದವಳು ಕಣ್ಣರಳಿಸಿದಳು. ಮುಂದೆ ಮೇಜಿನ ಬಳಿ ನಿಂತಿದ್ದ ಕಮಲಾಕರ ಅವರೂ ಅದನ್ನು ನೋಡಿದರು.

ಆರಾಧನೆ ಮುಗಿದ ಮೇಲೆ ಅವರೇ ಅವಳನ್ನು ಮಂದಿರದ ಪಕ್ಕದ ಬೇವಿನ ಮರದ ಹತ್ತಿರ ಕರೆದರು. ಅಲ್ಲಿಂದ ಹಿಂದಿನ ಸಮಾಧಿಗಳ ಸಾಲು ಕಾಣುತ್ತಿತ್ತು.

"ಏನು ರೂತ್, ಮೈ ಸರಿಯಿಲ್ಲವಾ? ರೊಟ್ಟಿ ತಗೊಳ್ಳಲಿಲ್ಲ."

"ಮೈ ಸರಿ ಐತಣ್ಣ. ನಿಮ್ಮನ್ನ ಒಂದು ಕೇಳ್ಬೇಕಿತ್ತು. ಕೇಳ್ದೆ ತಗೊಂಡ್ರೆ ಗಂಟಲಾಗ ಇಳೀತಿರಲಿಲ್ಲ. ಸೊರಬದ ಕಡೆ ನಿಮ್ಮ ಅಣ್ಣಾರ ಮನಿ ಗೃಹಪ್ರವೇಶಕ್ಕೆ ಹೋಗಿದ್ರಂತೆ. ಪಂಕ್ತಿಯಾಗ ಕೂತಿದ್ರಂತೆ."

ಕಮಲಾಕರ ಅವರು ಅಲ್ಲಗಳೆಯಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. "ಯಾರು ಹೇಳಿದರು?"

"ಬಡಿಸಿದವರು."

"ನೋಡಮ್ಮ, ತೋಟ ಇನ್ನೂ ಹಿಸ್ಸೆ ಆಗಿಲ್ಲ. ಪಹಣಿ ಈಗಲೂ ಅಣ್ಣನ ಹೆಸರಲ್ಲೇ ಇದೆ. ಹೋಗಲಿಲ್ಲ, ಉಣ್ಣಲಿಲ್ಲ ಅಂದರೆ ಅವನು ಸಹಿ ಹಾಕೋದಿಲ್ಲ. ನನ್ನ ಪಾಲು ಬಂದರೆ ಸಭೆಗೇ ಅಲ್ಲವೇ ಉಪಯೋಗ? ಕೆಲವೊಂದನ್ನು ಹಿರಿಯರಾದವರು ಹೊರಬೇಕಾಗುತ್ತದೆ. ಅಲ್ಲಿ ನನ್ನ ಬಾಯಿ ತಿಂದಿತು ರೂತ್, ಹೃದಯ ತಿನ್ನಲಿಲ್ಲ."

ಅವರು ಅದನ್ನು ಎಷ್ಟು ಮೆಲ್ಲಗೆ, ಎಷ್ಟು ನಂಬಿಕೆಯಿಂದ ಹೇಳಿದರೆಂದರೆ ವಾಣಿಶ್ರೀ ಒಂದು ಗಳಿಗೆ ತಲೆಯಾಡಿಸಿಯೇಬಿಟ್ಟಳು. ಹನ್ನೊಂದು ವರ್ಷದ ಅಭ್ಯಾಸ. ಆಮೇಲೆ ತಲೆ ತಾನಾಗಿ ನಿಂತಿತು.

"ಹಂಗಾದ್ರೆ ನಮ್ಮ ಹುಡುಗಿದೂ ಬಾಯಿ ತಿಂತು ಅನ್ರಿ ಅಣ್ಣ. ಎರಡೇ ಹೋಳಿಗೆ. ಕರೆಸಿ, ಒಂದು ಮಾತು ಹೇಳಿ, ಮುಂದಿನ ಬೆಂಚಿಗೆ ಕೂರ್ಸಿ. ನಾನೇ ಕರ್ಕೊಂಡು ಬರ್ತೀನಿ."

"ಅದು ಬೇರೆ."

"ಹೆಂಗೆ ಬೇರೆ?"

"ಅವಳು ಪ್ರೀತಿಯಿಂದ ತಿಂದಳು" ಎಂದರು ಕಮಲಾಕರ. ಮಗುವಿಗೆ ಲೆಕ್ಕ ಬಿಡಿಸಿ ಹೇಳುವಂತೆ ಮುಂದುವರಿಸಿದರು. "ಅವಳ ಮನಸ್ಸು ಅವರ ಜೊತೆಗಿತ್ತು. ಬಳೆ ಇಡಿಸಿಕೊಂಡಳು, ನಕ್ಕಳು, ದೊಡ್ಡಮ್ಮನ ಕೈತುತ್ತು ತಿಂದಳು. ಅದೇ ಅಂಟು. ಲೋಕ ಒಳಗೆ ಬರುವುದೇ ಆ ದಾರಿಯಲ್ಲಿ. ನಾನು ಆ ಎಲೆಯ ಮುಂದೆ ಕೂತಾಗ ನನ್ನಲ್ಲಿ ಅವರ ಮೇಲೆ ಏನೂ ಇರಲಿಲ್ಲ. ಒಂದಿಷ್ಟೂ ಇರಲಿಲ್ಲ. ಕರ್ತನಿಗೆ ಗೊತ್ತು."

ವಾಣಿಶ್ರೀಗೆ ತಾಯಿಯ ಕೈ ನೆನಪಾಯಿತು. ಅನ್ನದ ಅಗುಳು ಅಂಟಿದ್ದ ಬೆರಳುಗಳು, ತನ್ನ ಬಾಯಿಯ ಹತ್ತಿರ ಬಂದು ನಿಂತು, ಹಾಗೇ ಹಿಂದೆ ಹೋದದ್ದು. ಪ್ರೀತಿಯಿಲ್ಲದೆ ತಿಂದಿದ್ದರೆ ಅವತ್ತು ತಪ್ಪಾಗುತ್ತಿರಲಿಲ್ಲ ಎನ್ನುತ್ತಿದ್ದಾರೆ ಇವರು. ಪ್ರೀತಿಯಿದ್ದುದರಿಂದ ಅವ್ವ ಹಸಿದ ಮಗಳನ್ನು ನೋಡಿಕೊಂಡೇ ಸಾಯಬೇಕಾಯಿತು.

"ಅಣ್ಣ, ನೀವು ನಮ್ಮೆಜಮಾನರ ವಾಂತಿ ಬಳಿದ್ರಿ. ನಾನು ಬಾಗಿಲಾಗ ನಿಂತು ನೋಡಿದ್ದೆ. ಆಗ ಮನಸ್ಸಿನಾಗ ಪ್ರೀತಿ ಇತ್ತೋ ಇರಲಿಲ್ಲೋ?"

ಮೊದಲ ಬಾರಿಗೆ ಅವಳಿಗೆ ಅವರು ಮುದುಕರಂತೆ ಕಂಡರು. ಕತ್ತಿನ ನರಗಳು ಎದ್ದಿದ್ದವು.

"ಇತ್ತು" ಅಂದರು. "ಆಗ ಸಭೆ ಸಣ್ಣದಿತ್ತು ರೂತ್. ಕಟ್ಟಳೆಗಳು ಇನ್ನೂ ಇಷ್ಟು ಗಟ್ಟಿಯಾಗಿರಲಿಲ್ಲ." ಕೂಡಲೇ ಸಾವರಿಸಿಕೊಂಡರು. "ವೀರೇಶ ಇದ್ದಿದ್ದರೆ ನೀನು ಹೀಗೆ ಮಾತಾಡುತ್ತಿರಲಿಲ್ಲ. ಇವತ್ತು ರೊಟ್ಟಿ ಬಿಟ್ಟದ್ದನ್ನು ಎಲ್ಲರೂ ನೋಡಿದ್ದಾರೆ. ಶನಿವಾರ ಎದ್ದು ನಿಂತು ಒಂದು ಮಾತು ಹೇಳಿಬಿಡು, ಮುಗಿದುಹೋಗುತ್ತದೆ. ಆ ಹುಡುಗಿಯ ಕಡೆ ಹೋಗಬೇಡ. ಹೋದೆ ಅಂದರೆ..." ಅವರ ನೋಟ ಹಿಂದಿನ ಸಾಲಿನ ಕಡೆ ಹೊರಳಿತು. "ಆ ಜಾಗ ನಿನಗಾಗಿ ಎರಡು ವರ್ಷದಿಂದ ಕಾದಿದೆ. ನನ್ನ ಕೈಯಿಂದ ಅದನ್ನು ಬೇರೆಯವರಿಗೆ ಕೊಡುವ ಹಾಗೆ ಮಾಡಬೇಡ."

ಅವಳು ಆ ಕಡೆ ನೋಡಿದಳು. ವೀರೇಶನ ಕಲ್ಲಿನ ಪಕ್ಕ ಗರಿಕೆ ಬೆಳೆದು ಒಣಗಿತ್ತು. ಅವನ ಪಕ್ಕದಲ್ಲಲ್ಲದಿದ್ದರೆ ತನ್ನನ್ನು ಎಲ್ಲಿ ಇಡುತ್ತಾರೆ, ಯಾರು ಇಡುತ್ತಾರೆ, ಆ ದಿನ ಎದ್ದವನು ಪಕ್ಕಕ್ಕೆ ತಿರುಗಿ ನೋಡಿದರೆ ತಾನು ಇಲ್ಲದಿದ್ದರೆ? ಈ ಭಯ ಸುಳ್ಳೆಂದು ಯಾರಾದರೂ ಹೇಳಬಾರದೇ ಎನ್ನಿಸಿತು. ಹೇಳುವವರು ಯಾರೂ ಇರಲಿಲ್ಲ.

"ಎಷ್ಟು ಹೊತ್ತಾತು ಅಣ್ಣ?"

"ಏನು?"

"ಟೈಮು."

ಅವರು ಗೊಂದಲದಿಂದ ಗಡಿಯಾರ ನೋಡಿಕೊಂಡರು. "ಹನ್ನೆರಡು ಆಗ್ತಾ ಬಂತು. ಯಾಕೆ? ಕೇಳಿಲ್ಲಿ ರೂತ್, ನಾನು ನಿನ್ನನ್ನು ಹೆದರಿಸುತ್ತಿಲ್ಲ. ನಿನ್ನ ಒಳ್ಳೆಯದಕ್ಕೇ..."

"ಹನ್ನೆರಡೂ ಕಾಲಿಗೆ ಸೊರಬದ ಬಸ್ಸು" ಎಂದು ವಾಣಿಶ್ರೀ ಅವರಿಗೋ ತನಗೋ ಎಂಬಂತೆ ಹೇಳಿದಳು. "ಅದು ತಪ್ಪಿದ್ರೆ ಎರಡಕ್ಕೆ. ಅಷ್ಟೊತ್ತಿಗೆ ಅವಳು ಉಂಡುಬಿಟ್ಟಿರ್ತಾಳೆ."

"...ನಿನ್ನ ಒಳ್ಳೆಯದಕ್ಕೇ ಹೇಳುತ್ತಿರುವುದು. ಒಂದು ಸಲ ಆ ಗೆರೆ ದಾಟಿದರೆ ಹಿಂದೆ ಬರುವುದು ಅಷ್ಟು ಸುಲಭವಲ್ಲ, ನಿನಗೇ ಗೊತ್ತು, ಎಷ್ಟು ಜನರನ್ನು ನಾವು..."

ಅವಳು ಚಪ್ಪಲಿ ಮೆಟ್ಟಿಕೊಂಡಳು. ಒಂದು ಪಟ್ಟಿ ಸಡಿಲಾಗಿ ಕಾಲಿಗೆ ಸಿಗಲಿಲ್ಲ, ಬಗ್ಗಿ ಸರಿಮಾಡಿಕೊಂಡಳು. ಕಮಲಾಕರ ಅವರು ಮಾತಾಡುತ್ತಲೇ ಇದ್ದರು. ಎಚ್ಚರಿಕೆಯ ಮಾತು ನಡುವೆ ಬೇಡಿಕೆಯ ಮಾತಾಯಿತು, ಬೇಡಿಕೆಯ ನಡುವೆ ಬೈಬಲಿನ ಒಂದು ವಚನ ಬಂತು. ಆ ವಚನ ಅವಳಿಗೂ ಬಾಯಿಪಾಠವಿತ್ತು. ಅದರ ಮೊದಲರ್ಧ ಕೇಳಿಸಿದ್ದು ಮರದಡಿಯಲ್ಲಿ. ಉಳಿದರ್ಧವನ್ನು ಅವರು ಹೇಳುವಾಗ ಅವಳು ಗೇಟು ದಾಟಿ, ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ, ಬಿಸಿಲಿಗೆ ಸೆರಗನ್ನು ಹಣೆಯ ಮೇಲೆಳೆದುಕೊಂಡು ನಡೆಯುತ್ತಿದ್ದಳು.